ಅದಲುಬದಲಾದ ಎರಡು ಕಾರ್ಡುಗಳು

ಊಟಿಯಲ್ಲಿ ಕುಳಿತು ಮಸಿನಗುಡಿಯ ಸಣ್ಣ ಆಸ್ಪತ್ರೆಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಆ ಬೆಳಿಗ್ಗೆ ಅಲ್ಲಿನ ಸರ್ವರಿಗೆ ಹೊಸ ಕರ್ನಲ್, ಅಂದರೆ ಇಡೀ ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶ, ಹಾಕಿ ರೀಸ್ಟಾರ್ಟ್ ಕೊಟ್ಟೆ. ಅದು ಮತ್ತೆ ಸಂಪರ್ಕಕ್ಕೆ ಸಿಗಲಿಲ್ಲ. ಚಹಾ ಕುಡಿದು ಬಂದು ನೋಡಿದೆ, ಆಗಲೂ ಇಲ್ಲ. ಇನ್ನು ಬಸ್ಸು ಹತ್ತದೆ ವಿಧಿಯಿಲ್ಲ ಎಂದು ಗೊತ್ತಾದಾಗ ಸಿಟ್ಟೂ ಬರಲಿಲ್ಲ. ಅದೇ ವಾರ ಇದೇ ಕೆಲಸಕ್ಕೆ ಗೂಡಲೂರು, ಕೂಕಲ್ತೊರೈಯ ಆಸ್ಪತ್ರೆಗಳಿಗೂ ಅಲೆದು ಮೈ ಸೋತುಹೋಗಿತ್ತು.

ಘಾಟಿ ಇಳಿಯುವಾಗ ಆಸ್ಪತ್ರೆಯ ನರ್ಸ್ ಫೋನ್ ಮಾಡಿದಳು. ಮೋಯಾರ್ ಕಡೆಯ ಅಜ್ಜಿಯೊಬ್ಬರು ಸೌದೆ ಹೊರುವಾಗ ಜಾರಿ ಬಿದ್ದು ಮಣಿಕಟ್ಟು ಊದಿದೆ, ಎಕ್ಸ್‌ರೇ ತೆಗೆದಿದ್ದೇನೆ, ಸರ್ವರ್ ಇಲ್ಲದೆ ಅದರ ಚಿತ್ರ ಊಟಿಯ ಡಾಕ್ಟರಿಗೆ ಹೋಗುತ್ತಿಲ್ಲ ಎಂದಳು. ಎಕ್ಸ್‌ರೇ ಯಂತ್ರದ ಪರದೆಯನ್ನೇ ಮೊಬೈಲಿನಲ್ಲಿ ಫೋಟೊ ತೆಗೆದು ಕಳಿಸಿದ್ದಳಂತೆ. ಮಸುಕಾಗಿದೆ, ಇದನ್ನು ನೋಡಿ ಏನೂ ಹೇಳಲಾರೆ ಅಂದಿದ್ದರಂತೆ ಡಾಕ್ಟರು.

ನಾನು ಒಳಗೆ ಹೋದಾಗ ಅಜ್ಜಿ ಬೆಂಚಿನ ಮೇಲೆ, ಕಟ್ಟಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕುಳಿತಿದ್ದರು. ನರಳುತ್ತಿರಲಿಲ್ಲ. ಅದನ್ನು ನೋಡುವುದೇ ಕಷ್ಟವಾಯಿತು.

ಸರ್ವರಿನಲ್ಲಿ ಎರಡು ನೆಟ್‌ವರ್ಕ್ ಕಾರ್ಡುಗಳಿವೆ. ಒಂದಕ್ಕೆ ಎಕ್ಸ್‌ರೇ ಯಂತ್ರದ ಕೇಬಲ್, ಇನ್ನೊಂದಕ್ಕೆ ಇಂಟರ್ನೆಟ್ಟಿನದು. ಯಂತ್ರದ ಕಾರ್ಡು ಮೊದಲನೆಯದು, ಇಂಟರ್ನೆಟ್ಟಿನದು ಎರಡನೆಯದು ಎಂದು ಹಳೆಯ ಕರ್ನಲ್ ಎಣಿಸುತ್ತಿತ್ತು, ಆ ಎಣಿಕೆಯಂತೆಯೇ ಅವಕ್ಕೆ ಹೆಸರೂ ವಿಳಾಸವೂ ಸಿಗುತ್ತಿದ್ದವು. ಹೊಸದು ಆ ಎಣಿಕೆಯನ್ನು ತಿರುಗುಮುರುಗು ಮಾಡಿತ್ತು. ಒಂದರ ವಿಳಾಸ ಇನ್ನೊಂದಕ್ಕೆ ಹೋಗಿ ಎರಡೂ ಮೂಕವಾಗಿದ್ದವು. ಕಾರ್ಡು ಕೆಟ್ಟಿರಲಿಲ್ಲ, ಕೇಬಲ್ ಕಡಿದಿರಲಿಲ್ಲ. ಅಷ್ಟಕ್ಕೇ ಒಬ್ಬರ ಕೈ ಇಷ್ಟು ಹೊತ್ತು ಕಾಯಬೇಕಾಯಿತು.

ಮೊದಲು ಕೇಬಲ್‌ಗಳನ್ನು ಅದಲುಬದಲು ಮಾಡಿ ಚಿತ್ರ ಕಳಿಸಿದೆ. ಆಮೇಲೆ, ಮುಂದೆ ಎಣಿಕೆ ಹೇಗೇ ಬದಲಾದರೂ ಹೆಸರು ಬದಲಾಗದಂತೆ, ಪ್ರತಿ ಕಾರ್ಡಿಗೆ ಕಾರ್ಖಾನೆಯಲ್ಲೇ ಕೊಟ್ಟ ಸ್ವಂತ ಗುರುತಿನ ಸಂಖ್ಯೆಗೇ ಅದರ ಹೆಸರನ್ನು ಬಿಗಿದು, ಕೇಬಲ್‌ಗಳನ್ನು ಹಳೆಯ ಜಾಗಕ್ಕೆ ಹಾಕಿದೆ.

ಅಷ್ಟರಲ್ಲಿ ಡಾಕ್ಟರ ಫೋನ್ ಬಂತು. ಮೂಳೆ ಮುರಿದು ಜರುಗಿದೆ, ಇವತ್ತೇ ಮೇಲಕ್ಕೆ ಕರೆತರಬೇಕು ಎಂದರು. ಅಜ್ಜಿ ಒಪ್ಪಲಿಲ್ಲ. ಮಗ ಕಾಡಿನ ಕೂಲಿಗೆ ಹೋಗಿದ್ದಾನೆ, ಅವನು ಬರಲಿ ಎಂದರು. ನರ್ಸ್ ಎಷ್ಟು ಹೇಳಿದರೂ ತಲೆ ಅಲ್ಲಾಡಿಸಿದರು. ಕೊನೆಗೆ ನನ್ನ ಚೀಲ ನೋಡಿ ಕೇಳಿದರು.

"ನೀ ಎಲ್ಲಿಗೆ ಹೋಗೋದು, ಮಗ?"

"ಊಟಿಗೇ, ಅಜ್ಜಿ."

"ನನ್ನ ಬುಟ್ಟು ಹೋಗೋದಿಲ್ಲೆ ತಾನೆ?"

"ಇಲ್ಲ, ಜೊತೇಲೇ ಇರ್ತೀನಿ."

ಮಗನಿಗೆ ಸುದ್ದಿ ಮುಟ್ಟಿಸುವುದಾಗಿ ನರ್ಸ್ ಹೇಳಿದ ಮೇಲೆ ಅಜ್ಜಿ ಎದ್ದರು. ಬಸ್ಸಿನಲ್ಲಿ ಪ್ರತಿ ತಿರುವಿಗೂ ನನ್ನ ಹೆಗಲಿಗೆ ಒರಗುತ್ತಿದ್ದರು. ನನಗೂ ಕಣ್ಣು ಎಳೆಯುತ್ತಿತ್ತು, ಆದರೆ ಅವರ ಕೈ ಎಲ್ಲಿ ತಾಗುತ್ತದೋ ಎಂದು ನಿದ್ದೆ ಮಾಡಲಿಲ್ಲ. ಊಟಿಯಲ್ಲಿ ಮೂಳೆ ಕೂರಿಸಿ ಪ್ಲಾಸ್ಟರ್ ಹಾಕಿದರು. ಮರುದಿನ ಬೆಳಿಗ್ಗೆ ಮಗ ಬಂದು ಕರೆದುಕೊಂಡು ಹೋದ.

ನಾನು ಮತ್ತೆ ಗೂಡಲೂರಿನ ಬಸ್ಸು ಹತ್ತಿದೆ. ಅಲ್ಲಿನ ಸರ್ವರಿಗೂ ಹೊಸ ಕರ್ನಲ್ ಬಾಕಿಯಿತ್ತು. ಈ ಸಲ ಮೊದಲು ಕಾರ್ಡುಗಳ ಹೆಸರು ಬಿಗಿದೆ, ಆಮೇಲೆ ಉಳಿದದ್ದು.