ಸೊನ್ನಿ ಅಲ್ರಿ ಚಾಚಾ

ಇವತ್ತು ಬೆಳಿಗ್ಗೆ ಹಳೆಯ ಪಟ್ಟಿಯೊಂದನ್ನು ಕಮಿಟ್ ಮಾಡಲು, ಅಂದರೆ ನಮ್ಮೆಲ್ಲರ ಪ್ರೋಗ್ರಾಂಗೆ ಸೇರಿಸಲು ಹೋದೆ. ಕಂಪ್ಯೂಟರ್ ಒಲ್ಲೆ ಅಂದಿತು. ಪರದೆಯ ಮೇಲೆ ಕೆಂಪು ಸಾಲು: "ತಡೀರಿ ಚಾಚಾ, ಇದು ಸೊನ್ನಿ ಅಲ್ರಿ." ಚಾಚಾ ತೀರಿಕೊಂಡು ಎರಡು ವರ್ಷವಾಯಿತು...

ಕಲಘಟಗಿಯ ನಮ್ಮ ಪುಟ್ಟ ಆಫೀಸಿನಿಂದ ಸುತ್ತಲ ಹಳ್ಳಿಗಳ ಬಸುರಿಯರಿಗೆ ತಪಾಸಣೆಯ ತಾರೀಖು ತಿಳಿಸುವ ಮೆಸೇಜುಗಳು ಹೋಗುತ್ತವೆ. ಪ್ರೋಗ್ರಾಂ ಬರೆಯುವವಳು ನಾನು. ತಾರೀಖಿನ ಪಟ್ಟಿ ಟೈಪ್ ಮಾಡಿ ಸೇರಿಸುತ್ತಿದ್ದವರು ಚಾಚಾ, ಮುಚ್ಚಿಹೋದ ಅಚ್ಚುಕೂಟವೊಂದರಲ್ಲಿ ಆಯುಷ್ಯವಿಡೀ ಅಕ್ಷರದ ಮೊಳೆ ಜೋಡಿಸಿದವರು. ನನ್ನ ಕನ್ನಡವನ್ನೂ ತಿದ್ದುತ್ತಿದ್ದರು. ಸಿಟ್ಟು ಬರುತ್ತಿತ್ತು, ಆದರೆ ಅವರು ಹೇಳಿದ್ದೇ ಸರಿ ಇರುತ್ತಿತ್ತು.

ಒಮ್ಮೆ ಬಮ್ಮಿಗಟ್ಟಿಯ ತುಂಬು ಬಸುರಿಯೊಬ್ಬಳು ಇಪ್ಪತ್ತರ ಬದಲು ಎರಡನೇ ತಾರೀಖಿಗೇ ಬಂದು, ಬೀಗ ಹಾಕಿದ ತಪಾಸಣಾ ಕೇಂದ್ರದ ಬಾಗಿಲ ಮುಂದೆ ಬಿಸಿಲಲ್ಲಿ ಕೂತು ಹೋದಳು. ಹುಡುಕಿದರೆ, ಚಾಚಾ ಕನ್ನಡ ಅಂಕಿಯ ಎರಡರ ಮುಂದೆ ಸೊನ್ನೆಯ ಬದಲು ಅನುಸ್ವಾರ ಒತ್ತಿದ್ದರು. ಕಣ್ಣಿಗೆ ಎರಡೂ ಒಂದೇ. ಪ್ರೋಗ್ರಾಂ ಅದನ್ನು ಅಕ್ಷರವೆಂದು ಬಿಟ್ಟು ಬರೀ ಎರಡನ್ನು ಓದಿತ್ತು.

"ಪ್ರೆಸ್ಸಿನ್ಯಾಗ ಎರಡಕ್ಕೂ ಒಂದ ಮೊಳಿ ಬಳಸ್ತಿದ್ವಿ ನೋಡವಾ," ಅಂದರು. ನಾನು ಎಲ್ಲರೆದುರೇ ರೇಗಿಬಿಟ್ಟೆ.

ಮರುದಿನ ಊಟದ ಡಬ್ಬಿಯಿಲ್ಲದೆ ಬಂದರು. "ಆ ಹುಡುಗಿಗೆ ಏನರ ಆಗಿದ್ರ? ಈ ಕೈಬಟ್ಟಿನ ರೂಢಿ ಹೋಗಂಗಿಲ್ಲವಾ. ನಾಳಿಂದ ನಾ ಬರಂಗಿಲ್ಲ."

ನನ್ನ ನಾಲಿಗೆಗಿಷ್ಟು ಬೆಂಕಿ ಹಾಕಬೇಕಿತ್ತು ಅನಿಸಿತು. "ರೂಢಿ ಇರ್ಲಿರಿ ಚಾಚಾ. ಬಾಗಲಕ್ಕ ಒಬ್ಬ ಕಾವಲುಗಾರನ್ನ ನಿಲ್ಲಸ್ತೀನಿ," ಅಂದೆ.

ಅದೇ ಮಧ್ಯಾಹ್ನ ತಪ್ಪು ಹಿಡಿಯುವ ಒಂದು ಸಣ್ಣ ಪ್ರೋಗ್ರಾಂ ಬರೆದೆ. ಯಾರೇ ಕಮಿಟ್ ಮಾಡಲಿ, ಅದು ತಾನಾಗಿಯೇ ಓಡಿ, ಅಂಕಿಯ ಪಕ್ಕ ಅನುಸ್ವಾರ ಕಂಡರೆ ಅಲ್ಲೇ ತಡೆಯುತ್ತದೆ. ಮೊದಲ ಸಲ ಸಿಕ್ಕಿಬಿದ್ದಾಗ ಚಾಚಾ ಆ ಕೆಂಪು ಸಾಲನ್ನು ಗಟ್ಟಿಯಾಗಿ ಓದಿ ನಕ್ಕರು. "ಬೆಳ್ಳಗಿರೂದೆಲ್ಲಾ ಹಾಲಲ್ಲ, ದುಂಡಗಿರೂದೆಲ್ಲಾ ಸೊನ್ನಿ ಅಲ್ಲ," ಅಂದರು. ಆಮೇಲೆ ನಾಲ್ಕು ವರ್ಷ ಡಬ್ಬಿ ತಂದರು. ವಾರಕ್ಕೆರಡು ಸಲ ಸಿಕ್ಕಿಬೀಳುತ್ತಿದ್ದರು, ಪ್ರತಿ ಸಲ "ತಡದೀನ್ರಿ" ಎಂದು ಪರದೆಗೇ ಉತ್ತರ ಕೊಡುತ್ತಿದ್ದರು.

ಇವತ್ತಿನ ಪಟ್ಟಿ ಆ ಕಾವಲಿಗಿಂತ ಮೊದಲಿನದು, ಅವರೇ ಟೈಪ್ ಮಾಡಿದ್ದು; ಊರೂರಿನ ತಿಂಗಳ ತಪಾಸಣೆಯ ತಾರೀಖುಗಳು, ಈಗ ಮತ್ತೆ ಬಳಸಬೇಕಿತ್ತು. ದುಮ್ಮವಾಡದ ಹೆಸರಿನ ಮುಂದೆ ಹತ್ತನೇ ತಾರೀಖು. ಒಂದರ ಪಕ್ಕ ಅದೇ ಅನುಸ್ವಾರ. ಅದನ್ನು ಅಳಿಸಲು ಕೈ ಬರಲಿಲ್ಲ... ಆದರೆ ಆ ತಾರೀಖು ಯಾರೋ ಬಸುರಿಯದು. ತಿದ್ದಿದೆ. ಕೆಂಪು ಹೋಗಿ ಹಸಿರು ಬಂತು.

ಕಾವಲುಗಾರ ಇನ್ನೂ ಬಾಗಿಲಲ್ಲೇ ಇದ್ದಾನೆ. ಅವನು ತಡೆಯಬೇಕಾದ ತಪ್ಪು ಮಾಡುವವರು ಈಗ ನಮ್ಮಲ್ಲಿ ಯಾರೂ ಇಲ್ಲ.