ಗೆರೆಯ ಕೆಳಗೆ ಹದಿನೈದು

ಕಳೆದ ಶನಿವಾರ ಸಿಡ್ನಿಯ ಎಪ್ಪಿಂಗ್‌ನ ಶಾಲೆಯೊಂದರ ಅಂಗಳದಲ್ಲಿ ಅರ್ಧ ಗಂಟೆಗೂ ಹೆಚ್ಚು ಹೊತ್ತು ಸಾಸೇಜ್ ಸುಡುವ ಹೊಗೆ ಕುಡಿಯುತ್ತಾ ನಿಂತಿದ್ದೆ. ನಾನು ಅಪ್ಪಟ ಸಸ್ಯಾಹಾರಿ. ತಪ್ಪು ಯಾರದ್ದು? ಗಿರಿಜಾ ಟೀಚರದ್ದು.

ಟೀಚರ್ ಉಡುಪಿ ಕಡೆಯ ಹೈಸ್ಕೂಲೊಂದರಲ್ಲಿ ಗಣಿತ ಕಲಿಸಿ ರಿಟೈರ್ ಆದವರು. ಈಗ ನಮ್ಮ ಪಕ್ಕದ ಅಪಾರ್ಟ್‌ಮೆಂಟಿನಲ್ಲಿ ಮಗಳ ಜೊತೆ ಇದ್ದಾರೆ. ಹೋದ ವರ್ಷ ಸಿಟಿಜನ್ ಆದರು. ಇಂಡಿಯಾದ ಪಾಸ್‌ಪೋರ್ಟ್ ವಾಪಸ್ ಕೊಟ್ಟ ದಿನ "ಅಲ್ಲಿಯ ಓಟು ಹೋಯ್ತು ಮಾರಾಯ್ರೆ" ಅಂತ ಕಣ್ಣೊರೆಸಿಕೊಂಡಿದ್ದರು. (ನಾನು ಅದೇ ಕೆಲಸ ಮಾಡಿದ ದಿನ ಮನೆಗೆ ಪಿಜ್ಜಾ ತಂದಿದ್ದೆ.)

ಶನಿವಾರ ಇಲ್ಲಿ ನಮ್ಮ ರಾಜ್ಯದ ಎಲೆಕ್ಷನ್. (ಓಟಿನ ದಿನ ಮತಗಟ್ಟೆಯ ಅಂಗಳದಲ್ಲಿ ಸಾಸೇಜ್ ಸುಟ್ಟು ಮಾರುವುದು ಇಲ್ಲಿಯ ವಾಡಿಕೆ.) ಟೀಚರ್‌ಗೆ ಇಲ್ಲಿ ಇದೇ ಮೊದಲ ಓಟು. ಮಗಳಿಗೆ ಡ್ಯೂಟಿ ಇತ್ತು, ಹಾಗಾಗಿ ಕರೆದುಕೊಂಡು ಹೋಗುವ ಕೆಲಸ ನನ್ನ ಪಾಲಿಗೆ ಬಂತು. ಬೆಳಗ್ಗೆ ಒಂಬತ್ತಕ್ಕೇ ಇಸ್ತ್ರಿ ಮಾಡಿದ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದರು. ನಾನು ಹಾಕಿಕೊಂಡಿದ್ದು ಚಡ್ಡಿ.

ಗೇಟಿನಲ್ಲಿ ಪಾರ್ಟಿಗಳವರು ಕರಪತ್ರ ಹಿಡಿದು ಸಾಲಾಗಿ ನಿಂತಿದ್ದರು. ನಾನು ತಲೆ ತಗ್ಗಿಸಿ ನುಸುಳಿದೆ. ಟೀಚರ್ ಒಬ್ಬರನ್ನೂ ಬಿಡದೆ ಎಲ್ಲರ ಹತ್ತಿರವೂ ಇಸಿದುಕೊಂಡು, "ಥ್ಯಾಂಕ್ಯೂ" ಹೇಳಿ ಬ್ಯಾಗಿಗೆ ಸೇರಿಸಿದರು.

ಒಳಗೆ ಎರಡು ಚೀಟಿ ಕೊಡುತ್ತಾರೆ. ಕೆಳಮನೆಯದ್ದು ಪುಟ್ಟದು. ಮೇಲ್ಮನೆಯದ್ದು? ಹಾಸಿದರೆ ಮಗು ಮಲಗಿಸಬಹುದು! ಅಡ್ಡಕ್ಕೆ ಒಂದು ದಪ್ಪ ಗೆರೆ. ಗೆರೆಯ ಮೇಲೆ ಪಾರ್ಟಿಗಳು, ಕೆಳಗೆ ಒಬ್ಬೊಬ್ಬ ಅಭ್ಯರ್ಥಿಯ ಹೆಸರು. ಮೇಲೆ ಒಂದು ಚೌಕದಲ್ಲಿ "1" ಅಂತ ಬರೆದರೆ ಮುಗಿಯಿತು, ಆ ಪಾರ್ಟಿಯ ಪಟ್ಟಿ ಇದ್ದ ಕ್ರಮದಲ್ಲೇ ನಮ್ಮ ಓಟು ಹೋಗುತ್ತದೆ. ನಾನು ಐದು ಸೆಕೆಂಡಿನಲ್ಲಿ ಮುಗಿಸಿದೆ. ಸ್ವಲ್ಪ ಹೊತ್ತಿಗೆ ಟೀಚರೂ ಬಂದರು. ಮಡಚಿದ ಚೀಟಿ ಇನ್ನೇನು ಪೆಟ್ಟಿಗೆಯೊಳಗೆ ಹೋಗಬೇಕು, ಕೈ ನಿಂತಿತು.

"ಒಂದು ಅಂತ ಬರೆದಿದ್ದೇನೆ. ಸಾಕಲ್ಲ?"

"ಗೆರೆ ಮೇಲಾ, ಕೆಳಗಾ?"

"ಕೆಳಗೆ."

"ಅಯ್ಯೋ ಟೀಚರ್, ಕೆಳಗಾದ್ರೆ ಹದಿನೈದು ಜನಕ್ಕೆ ನಂಬರ್ ಕೊಡ್ಬೇಕು. ಇಲ್ದಿದ್ರೆ ಓಟು ಇನ್‌ವ್ಯಾಲಿಡ್!"

ಟೀಚರ್ ಮುಖ ಬಿಳಿಚಿಕೊಂಡಿತು. ಪಾಪ, ಅವರ ಲೆಕ್ಕ ತಪ್ಪಿದ್ದು ಅನುಭವ ಇಲ್ಲದೆ ಅಲ್ಲ, ಅನುಭವ ಇದ್ದದ್ದರಿಂದ. ಕರ್ನಾಟಕದಲ್ಲಿ ಮೇಲ್ಮನೆಗೆ ಎಲ್ಲರೂ ಓಟು ಹಾಕುವಂತಿಲ್ಲ. ಹೈಸ್ಕೂಲ್ ಟೀಚರ್ ಆಗಿದ್ದರಿಂದ ಇವರಿಗೆ ವಿಧಾನ ಪರಿಷತ್ತಿನ ಶಿಕ್ಷಕರ ಕ್ಷೇತ್ರದಲ್ಲಿ ಓಟಿತ್ತು. ಅಲ್ಲೂ ಹೆಸರಿನ ಮುಂದೆ ನಂಬರೇ ಬರೆಯುವುದು. ಆದರೆ "1" ಬರೆದರೆ ಸಾಕು, ಉಳಿದದ್ದು ನಮ್ಮಿಷ್ಟ. ಆ ಧೈರ್ಯದಲ್ಲಿ ಇಲ್ಲಿಯ ಸೂಚನೆ ಓದಿರಲಿಲ್ಲ. (ಪಕ್ಕದ ರಾಜ್ಯದ ಮೆಲ್ಬರ್ನ್‌ನಲ್ಲಿರುವ ನನ್ನ ತಮ್ಮ ಆಮೇಲೆ ಫೋನಿನಲ್ಲಿ ನಕ್ಕ: "ನಮ್ಮಲ್ಲಿ ಐದು ಸಾಕಪ್ಪ!")

"ಮೇಲೆ ಒಂದು ಅಂತ ಬರೆದ್ಬಿಡಿ ಟೀಚರ್, ಮುಗೀತು" ಅಂದೆ.

"ಪಟ್ಟಿ ಅವರದ್ದು. ಓಟು ನನ್ನದಲ್ವಾ?"

"ಹಾಗಾದ್ರೆ ಕಣ್ಮುಚ್ಕೊಂಡು ಎರಡು, ಮೂರು, ನಾಲ್ಕು ಅಂತ ಬರ್ಕೊಂಡು ಹೋಗಿ."

ಟೀಚರ್ ನನ್ನನ್ನು ನೋಡಿದ ರೀತಿಗೆ ನಾನು ಒಂಬತ್ತನೇ ಕ್ಲಾಸಿಗೆ ಹೋಗಿ ಬಂದೆ. "ಉತ್ತರಪತ್ರಿಕೆಗೆ ನಾನು ಹಾಗೆ ಮಾರ್ಕ್ ಕೊಟ್ಟದ್ದುಂಟಾ?"

ಸೀದಾ ಪೆಟ್ಟಿಗೆಯ ಪಕ್ಕದಲ್ಲಿದ್ದ ಅಧಿಕಾರಿ ಹುಡುಗಿಯ ಹತ್ತಿರ ಹೋಗಿ, "ಮೈ ಮಿಸ್ಟೇಕ್. ನಾಟ್ ಫಿನಿಶ್ಡ್" ಅಂದರು. ನಾನು ಗೋಡೆ ನೋಡುತ್ತಾ ನಿಂತೆ. ನನ್ನದೇ ತಪ್ಪಾಗಿದ್ದರೆ ಸುಮ್ಮನೆ ಪೆಟ್ಟಿಗೆಗೆ ತುರುಕಿ ಬಂದಿರುತ್ತಿದ್ದೆ. ಯಾರಿಗೆ ಗೊತ್ತಾಗುತ್ತದೆ, ಹೇಳಿ? ಆ ಹುಡುಗಿ ನಕ್ಕು, "ಟೇಕ್ ಯುವರ್ ಟೈಮ್, ಲವ್" ಅಂದಳು.

ಟೀಚರ್ ಆ ಮಾತನ್ನು ಅಕ್ಷರಶಃ ಪಾಲಿಸಿದರು! ರಟ್ಟಿನ ಮರೆಯೊಳಗೆ ಹೋಗಿ ಬ್ಯಾಗಿನಿಂದ ಅಷ್ಟೂ ಕರಪತ್ರ ತೆಗೆದು ಹರಡಿದರು. ಕನ್ನಡಕ ಏರಿಸಿದರು. ನಾನು ಹೊರಗೆ ಬಂದೆ, ಹೊಗೆಗೆ.

ಕೊನೆಗೂ ಬಂದಾಗ ಸೀರೆಯ ನೆರಿಗೆ ಕೆಟ್ಟಿತ್ತು, ಮುಖ ಮಾತ್ರ ಅರಳಿತ್ತು.

"ಆಯ್ತಾ ಹದಿನೈದು?"

"ಹದಿನೇಳು. ಇಬ್ಬರನ್ನು ಬಿಡ್ಲಿಕ್ಕೆ ಮನಸ್ಸು ಬರ್ಲಿಲ್ಲ. ಒಬ್ಬರು ಬಸ್ಸಿನ ಬಗ್ಗೆ ಬರೆದಿದ್ದಾರೆ, ಇನ್ನೊಬ್ಬರು ಆಸ್ಪತ್ರೆಯಲ್ಲಿ ನಮ್ಮ ಭಾಷೆಯಲ್ಲಿ ತಿಳಿಸಿ ಹೇಳುವವರು ಬೇಕು ಅಂತ."

ನಿಜ ಹೇಳುತ್ತೇನೆ, ನನಗೆ ಆ ಹೆಂಗಸಿನ ಮೇಲೆ ಗೌರವ ಉಕ್ಕಿಬಂತು. ಮೇಲ್ಮನೆ ಅಂದರೆ ಯಾರಿಗೂ ಬೇಡದ ಮನೆ ಅಂತ ನಾವು ಆಫೀಸಿನ ಲಂಚ್ ಟೇಬಲ್ಲಿನಲ್ಲಿ ಜೋಕ್ ಹೊಡೆಯುತ್ತೇವೆ. ಅಲ್ಲಿಗೆ ಹೋಗುವವರನ್ನು ಒಬ್ಬೊಬ್ಬರಾಗಿ ಓದಿ, ತೂಗಿ, ಆರಿಸುವ ಹಕ್ಕನ್ನು ಈ ದೇಶ ಪ್ರತಿಯೊಬ್ಬರ ಕೈಗೂ ಕೊಟ್ಟಿದೆ. ಜೊತೆಗೊಂದು ಪೆನ್ಸಿಲ್, ಬೇಕಾದಷ್ಟು ಟೈಮು. ಅದನ್ನು ಪೂರ್ತಿ ಬಳಸಿದವರನ್ನು ನಾನು ಕಣ್ಣಾರೆ ಕಂಡದ್ದು ಇದೇ ಮೊದಲು.

ಕಾರಿನಲ್ಲಿ ಕೂತ ಮೇಲೆ ಟೀಚರ್ ಮೆಲ್ಲಗೆ ಕೇಳಿದರು: "ನೀವು ಯಾರಿಗೆ ಹಾಕಿದ್ದು ಅಂತ ಕೇಳುವುದಿಲ್ಲ, ಅದು ಸರಿಯಲ್ಲ. ಆದ್ರೆ ನೀವು ಒಂದು ಬರೆದ್ರಲ್ಲ, ಅದರ ಕೆಳಗೆ ಯಾರ್ಯಾರ ಹೆಸರು ಇತ್ತು?"

ಒಂದು ಹೆಸರೂ ನೆನಪಾಗಲಿಲ್ಲ. ನೆನಪಾಗಲು ಓದಿದ್ದರಲ್ಲವೇ?

ಟೀಚರ್ ಶನಿವಾರ ಇಲ್ಲಿಯ ತಮ್ಮ ಮೊದಲ ಓಟು ಹಾಕಿದರು. ಮೂರು ಎಲೆಕ್ಷನ್‌ನಿಂದ ನಾನು ಹಾಕುತ್ತಾ ಬಂದಿರುವುದು ಬರೀ ಹಾಜರಿ.