ಬಿಡುಗಡೆಯ ದಿನ ತಿಳಿಸಿ

ಹೊಲಿಗೆ ಮಷಿನ್ ರಿಪೇರಿ ಮಾಡುವ ಆಕೆಯನ್ನು ಬೀದಿಯವರೆಲ್ಲ ಮಷಿನಕ್ಕ ಎಂದೇ ಕರೆಯುತ್ತಿದ್ದರು. ಚಕ್ರ ಒಮ್ಮೆ ತಿರುಗಿಸಿ, ಸದ್ದು ಕೇಳಿಯೇ ರೋಗ ಹೇಳುವವಳು. "ಮಷಿನ್ ಸುಳ್ಳು ಹೇಳಲ್ಲ ಕಣ್ರೀ, ತುಳಿಯೋರು ಹೇಳ್ತಾರೆ" ಎಂದು ಗಿರಾಕಿಗಳನ್ನು ನಗಿಸುತ್ತಿದ್ದಳು.

ತಂಗಿಯನ್ನು ತಂಗಿಯ ಗಂಡನೇ ಕೊಂದ ಮೇಲೆ ಆ ನಗು ನಿಂತಿತು. ಅವರ ಒಂಬತ್ತು ವರ್ಷದ ಮಗಳು ಬಾಗಿಲ ಸಂದಿಯಿಂದ ಎಲ್ಲವನ್ನೂ ನೋಡಿದ್ದಳು. ಅಂದಿನಿಂದ ಅವಳು ದೊಡ್ಡಮ್ಮನ ಜೊತೆಗೇ ಇದ್ದಳು. ಹೊರಗೆ ಯಾರಾದರೂ ಕೆಮ್ಮಿದರೂ ಸಾಕು, ಮಂಚದ ಕೆಳಗೆ ಸೇರಿಬಿಡುತ್ತಿದ್ದಳು.

ಎರಡು ವರ್ಷವಾದ ಮೇಲೆ ಒಂದು ಮಧ್ಯಾಹ್ನ ಸರ್ಕಾರಿ ವಕೀಲರ ಫೋನು ಬಂತು.

"ನಾಳೆ ಹತ್ತೂವರೆಗೆ ಕೋರ್ಟಿಗೆ ಬನ್ನಿ. ಅವನು ತಪ್ಪು ಒಪ್ಕೊಳ್ತಾನೆ. ಅದಕ್ಕೆ ಕೊಲೆ ಆರೋಪನ ಉದ್ದೇಶ ಇಲ್ಲದ ಸಾವು ಅಂತ ಇಳಿಸಿ ಏಳು ವರ್ಷ ಶಿಕ್ಷೆ ಕೊಡೋ ಒಪ್ಪಂದ ಆಗಿದೆ. ಮನೆಯವರಿಗೆ ತಿಳಿಸ್ಬೇಕಲ್ಲ, ಅದಕ್ಕೆ ಫೋನ್ ಮಾಡಿದೆ."

ಮಷಿನಕ್ಕ ಕೈಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟಳು. "ಏಳೇ? ಜೈಲಲ್ಲಿ ಎರಡು ಆಗ್ಲೇ ಕಳೀತಲ್ಲ ಸಾರ್! ನಮ್ಮನ್ನ ಒಂದು ಮಾತು ಕೇಳ್ಬಾರ್ದಿತ್ತಾ?"

"ಕೇಳ್ಬೇಕಿತ್ತಮ್ಮ. ಆದ್ರೆ ಕೇಸು ನಡೆದ್ರೆ ಅವನೆದುರು ನಿಂತು ಮಗುನೇ ಸಾಕ್ಷಿ ಹೇಳ್ಬೇಕು. ಬೇರೆ ಯಾರೂ ನೋಡಿಲ್ಲ. ನೀವು ಬೇಡ ಅಂದ್ರೆ ಜಡ್ಜ್ ಹತ್ರ ಹೇಳ್ಬಹುದು."

ಬೇಡ ಎಂದರೆ ಮಗುವನ್ನು ಅವನ ಮುಂದೆ ನಿಲ್ಲಿಸಬೇಕು. ಸರಿ ಎಂದರೆ ಐದೇ ವರ್ಷಕ್ಕೆ ಅವನು ಹೊರಗೆ, ಮಗಳನ್ನು ಕೇಳಿಕೊಂಡು ಬಂದರೆ? ಅತ್ತ ದರಿ, ಇತ್ತ ಪುಲಿ.

ಮರುದಿನ ಮಗುವನ್ನು ಪಕ್ಕದ ಟೈಲರಮ್ಮನ ಬಳಿ ಬಿಟ್ಟು ಹೋದಳು. ಕೋರ್ಟಿನಲ್ಲಿ ಅವನು ಅವಳನ್ನು ದಿಟ್ಟಿಸಲಿಲ್ಲ; ಅವಳ ಹಿಂದೆ, ಅಕ್ಕಪಕ್ಕ ಹುಡುಕಿದ. ಮಗಳನ್ನೇ ಹುಡುಕುತ್ತಿದ್ದಾನೆಂದು ಅವಳಿಗೆ ತಿಳಿಯಿತು.

"ನೀವೇನಾದ್ರೂ ಹೇಳ್ತೀರಾ?" ಜಡ್ಜಮ್ಮ ಕೇಳಿದರು.

ಬಸ್ಸಿನಲ್ಲಿ ಕಂಠಪಾಠ ಮಾಡಿದ್ದೆಲ್ಲ ಮರೆತುಹೋಗಿತ್ತು. "ಒಪ್ಪಂದ ಆಗ್ಲಿ ತಾಯಿ" ಎಂದಳು. "ಆದ್ರೆ ಅವನು ಮಗು ಹತ್ರ ಬರಕೂಡ್ದು. ಬಿಡೋ ದಿನ ನಮಗೆ ಮುಂಚೆನೇ ಹೇಳ್ಬೇಕು. ಈ ಸಲದ ಹಾಗೆ ಹಿಂದಿನ ದಿನ ಅಲ್ಲ."

ಜಡ್ಜಮ್ಮ ವಕೀಲರತ್ತ ಒಮ್ಮೆ ನೋಡಿ, ಎರಡನ್ನೂ ಆದೇಶದಲ್ಲಿ ಬರೆಸಿದರು.

ಐದು ವರ್ಷ ಅಂಚೆಯವನ ಸೈಕಲ್ ಗಂಟೆಗೆ ಬೆಚ್ಚಿದಳು. ಕೊನೆಗೆ ಬಿಡುಗಡೆಗೆ ಹದಿನೈದು ದಿನ ಮೊದಲೇ ಕಾಗದ ಬಂತು. ಒಡೆದು ಓದಿದ್ದು ಹುಡುಗಿಯೇ, ಆಗ ಅವಳಿಗೆ ಹದಿನಾರು.

"ನಂಗೂ ಭಯಾನೇ ದೊಡ್ಡಮ್ಮ. ಆದ್ರೆ ದಿನ ಗೊತ್ತಿರೋದು ವಾಸಿ."

ಆ ದಿನ ಇಬ್ಬರೂ ಟೈಲರಮ್ಮನ ಮನೆಯಲ್ಲಿ ಚಿಲಕ ಹಾಕಿಕೊಂಡು ಕೂತರು. ಅವನು ಬರಲಿಲ್ಲ. ದೂರದ ಊರಿಗೆ, ಅಣ್ಣನ ಮನೆಗೆ ಹೋದನೆಂದು ಸಂಜೆ ವಕೀಲರೇ ತಿಳಿಸಿದರು.

ಮರುದಿನ ಅಂಗಡಿ ತೆರೆಯುವಷ್ಟು ಧೈರ್ಯ ಬರಲು ಹನ್ನೊಂದು ಗಂಟೆಯಾಯಿತು. ತೆರೆದಳು.